ಎಲೆ ಬಲ್ಲವರ ಮಕ್ಕಳು

ಸಹ್ಯಾದ್ರಿಯ ಸೊಪ್ಪು ಸದೆಗಳನ್ನು ಕಾಡಿಗೆ ಹೋಗದೆ ನೋಡಬೇಕೆಂದರೆ ಚೌತಿಯ ಮುನ್ನಾದಿನ ಬೆಳಗಿನ ಜಾವಕ್ಕೆ ಮುಂಬಯಿಯ ದಾದರಿಗೆ ಹೋಗಬೇಕು. ಪಶ್ಚಿಮ ರೈಲ್ವೆಯೂ ಮಧ್ಯ ರೈಲ್ವೆಯೂ ಕೂಡುವ ಸ್ಟೇಷನ್ ಅದು. ಡಹಾಣು, ಪಾಲ್ಘರ್ ಕಡೆಯ ಗಂಟುಗಳು ಒಂದು ಹಳಿಯ ಮೇಲೆ ಬರುತ್ತವೆ. ಕಸಾರಾ, ಕರ್ಜತ್ ಕಡೆಯವು ಇನ್ನೊಂದು ಹಳಿಯ ಮೇಲೆ. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಸೇನಾಪತಿ ಬಾಪಟ್ ರಸ್ತೆಗೆ ಬಂದರೆ ಹೂವಿನ ಮಾರುಕಟ್ಟೆ. ಅದರ ಸುತ್ತಲಿನ ಫುಟ್‌ಪಾತಿನ ಉದ್ದಕ್ಕೂ ಸೊಪ್ಪಿನವರು. ಚೆಂಡುಹೂವಿನ ರಾಶಿಗಳ ನಡುವೆ ಗರಿಕೆ, ಬಿಲ್ವ, ಶಮಿ, ಉತ್ತರಣೆ, ಎಕ್ಕ, ದತ್ತೂರಿ, ಲಕ್ಕಿ. ಗಣಪತಿಗೆ ಏರಿಸುವ 21 ಪತ್ರೆಗಳ ಪಟ್ಟಿಯಲ್ಲಿ ಮದ್ದಿಗೆ ಬಾರದ ಗಿಡ ಒಂದೂ ಇಲ್ಲವೆಂದೇ ನಾನು ತಿಳಿದಿದ್ದೇನೆ.

ನಾನು ಶಿರಸಿ ಕಡೆಯವನು, ಸಸ್ಯಶಾಸ್ತ್ರ ಪಾಠ ಹೇಳುವವನು. ಹುಬ್ಬಳ್ಳಿಯಲ್ಲಿ ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತಿ ದಾದರಿಗೆ ಬಂದದ್ದು ಸೋದರಮಾವನ ಮನೆಯ ಹಬ್ಬಕ್ಕೆ. ಆದರೆ ರಜೆಯನ್ನು ನಾಲ್ಕು ದಿನ ಹಿಗ್ಗಿಸಿಕೊಂಡಿದ್ದೆ. ಈ ಸುತ್ತಿನಲ್ಲಿ, ಅಂದರೆ ದಾದರ್, ಪರೇಲ್, ಮಾಟುಂಗಗಳ ನಡುವಿನ ನಾಲ್ಕಾರು ಮೈಲಿಯೊಳಗೆ, ನಮ್ಮ ದೇಶದ ಗಿಡಮೂಲಿಕೆ ಸಂಶೋಧನೆಯ ದೊಡ್ಡ ಅಧ್ಯಾಯಗಳು ನಡೆದಿವೆ. ಅವನ್ನು ಕಾಲ್ನಡಿಗೆಯಲ್ಲೇ ನೋಡಬೇಕೆಂಬ ಆಸೆ ಬಹುದಿನದ್ದು.

ಮಾರುಕಟ್ಟೆಯಲ್ಲಿ ನನ್ನ ಕಾಲು ನಿಂತದ್ದು ಅಗ್ನಿಶಿಖೆಯ ಮುಂದೆ. ಹಳದಿಯಿಂದ ಕೆಂಪಿಗೆ ತಿರುಗುವ, ಅಂಚು ಅಲೆಅಲೆಯಾಗಿ ಮೇಲಕ್ಕೆ ಬಾಗಿದ ಆರು ಎಸಳು. ಎಲೆಯ ತುದಿ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಬೇಲಿಯ ಮೇಲೆ ಹಬ್ಬುತ್ತದೆ, ಇಲ್ಲಿನವರು ಗೌರಿಗೆ ಏರಿಸುತ್ತಾರೆ. ಮಾರುತ್ತಿದ್ದಾಕೆ ಜವ್ಹಾರ್ ಕಡೆಯ ಆದಿವಾಸಿ ಹೆಂಗಸು, ಅರವತ್ತರ ಮೇಲಿನ ವಯಸ್ಸು. ಗೋಣಿಯ ಮೇಲೆ ಕಟ್ಟುಗಳನ್ನು ಜೋಡಿಸುವಾಗ ಆ ಬಳ್ಳಿಯನ್ನು ಮಾತ್ರ ತಿನ್ನುವ ಸೊಪ್ಪಿನಿಂದ ದೂರ ಇಟ್ಟಿದ್ದಳು. ಮಡಹಾಗಲ ಒಂದು ಕಡೆ, ಗಂಟುಬಾರಂಗಿಯ ಎಳೆ ಎಲೆ ಒಂದು ಕಡೆ, ಅಗ್ನಿಶಿಖೆ ಬೇರೆ ಗೋಣಿಯಲ್ಲಿ.

ಯಾಕೆ ಬೇರೆ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ.

"ಗಡ್ಡೆ ಕೊಲ್ಲುತ್ತದೆ ದಾದಾ. ಹೂವಿಗೆ ದೇವರಿದ್ದಾನೆ, ಗಡ್ಡೆಗೆ ಯಮ ಇದ್ದಾನೆ. ಕಿತ್ತ ಕೈಯಲ್ಲಿ ಮಗುವಿಗೆ ಅನ್ನ ಕೊಡಬಾರದು" ಎಂದಳು. ಮಗುವೊಂದು ತಿಂದರೆ ಏನೇನಾಗುತ್ತದೆ, ಯಾವುದರ ನಂತರ ಯಾವುದು ಎಂದು ಕ್ರಮವಾಗಿ ಹೇಳಿದಳು: ಮೊದಲು ಗಂಟಲು ಉರಿ, ಆಮೇಲೆ ವಾಂತಿ, ಭೇದಿ, ಕೆಲವು ದಿನ ಕಳೆದು ಬದುಕಿದ್ದರೆ ಕೂದಲು ಉದುರುತ್ತದೆ. ಈ ಗಡ್ಡೆಯಲ್ಲಿರುವ ಕಾಲ್ಚಿಸಿನ್ ವಿಷದ ಲಕ್ಷಣಗಳನ್ನು ವೈದ್ಯಕೀಯ ಪುಸ್ತಕಗಳು ಹೇಳುವುದೂ ಹೀಗೆಯೇ. ಕೂದಲು ಉದುರುವುದು ಕೊನೆಗೆ ಎಂಬುದೂ ಸೇರಿ. ಆಯುರ್ವೇದ ಅಗ್ನಿಶಿಖೆಯನ್ನು ಲಾಂಗಲಿ ಎಂದು ಕರೆದು ಉಪವಿಷಗಳ ಸಾಲಿಗೆ ಸೇರಿಸಿದೆ. ಇದರ ಕಾಲ್ಚಿಸಿನ್ ಗೌಟ್ ಎಂಬ ಕೀಲುಬೇನೆಗೆ ಇಂದಿಗೂ ಮದ್ದು. ತಮಿಳುನಾಡಿನಲ್ಲಿ ರೈತರು ಬೀಜಕ್ಕಾಗಿಯೇ ಇದನ್ನು ಬೆಳೆದು ರಫ್ತಿಗೆ ಕೊಡುತ್ತಾರೆ.

ಅವಳ ಪಕ್ಕ ಮೊಮ್ಮಗಳು ಕೂತಿದ್ದಳು. ಆಶ್ರಮ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಹಬ್ಬದ ರಜೆಗೆ ಅಜ್ಜಿಯ ಗಂಟು ಹೊರಲು ಬಂದಿದ್ದಾಳೆ. ಹಿಂದಿನ ರಾತ್ರಿ ಇಬ್ಬರೂ ಮಲಗಿದ್ದು ಫುಟ್‌ಪಾತಿನಲ್ಲೇ. ಮುಂದೆ ಏನು ಓದುತ್ತೀ ಎಂದದ್ದಕ್ಕೆ ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿಯೇ ಉತ್ತರಿಸಿದಳು: ಹತ್ತರ ನಂತರ ಸೈನ್ಸ್ ಬೇಕೆಂದರೆ ಊರು ಬಿಡಬೇಕು, ಹಾಸ್ಟೆಲ್ ಸಿಗಬೇಕು, ಸಿಕ್ಕರೂ ಟ್ಯೂಷನ್ ಬೇಕಂತೆ. "ನಮಗೆ ಯಾರು ಕೊಡುತ್ತಾರೆ?" ಎಂಬ ಅವಳ ಪ್ರಶ್ನೆಯಲ್ಲಿ ದೂರು ಇರಲಿಲ್ಲ, ಲೆಕ್ಕ ಇತ್ತು. ಆ ಲೆಕ್ಕ ನನ್ನ ಜೊತೆ ನಾಲ್ಕೂ ದಿನ ನಡೆಯಿತು.

ಮಾವ ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋದವರು. ಈ ನಗರದ ಕನ್ನಡಿಗರ ರಾತ್ರಿ ಶಾಲೆಗಳ ಚರಿತ್ರೆ ನಮ್ಮ ಶಿಕ್ಷಣದ ಪುಸ್ತಕಗಳಲ್ಲಿ ಒಂದು ಪುಟ ಪಡೆಯಬೇಕಿತ್ತು, ಪಡೆದಿಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆಯವರೆಗೆ, ದುಡಿಯುವ ಹುಡುಗರಿಗಾಗಿ ದುಡಿಯುವವರೇ ಕಟ್ಟಿದ ಶಾಲೆಗಳು ಅವು. ಅಲ್ಲಿ ಕಲಿತವರು ಬ್ಯಾಂಕಿಗೆ, ಕೋರ್ಟಿಗೆ, ಕಾಲೇಜಿಗೆ ಹೋದರು.

"ನಾವು ಓದಿದ್ದು ಬುದ್ಧಿ ಇತ್ತು ಅಂತಲ್ಲ ಮಾರಾಯ. ರಾತ್ರಿ ಏಳೂವರೆಗೆ ಒಂದು ಬಾಗಿಲು ತೆರೆದಿರುತ್ತಿತ್ತು, ಅಷ್ಟೆ. ಆ ಬಾಗಿಲು ಇಲ್ಲದಿದ್ದರೆ ನಾನು ಈಗಲೂ ಟೇಬಲ್ ಒರೆಸುತ್ತಿದ್ದೆ" ಎಂದರು ಮಾವ.

ಮಧ್ಯಾಹ್ನ ಗೋಖಲೆ ರಸ್ತೆಯಲ್ಲಿ ನಡೆದೆವು. ಝಂಡು ಕಂಪನಿಯ ಹೆಸರು ಮುಂಬಯಿಗರ ಬಾಯಲ್ಲಿ ಈ ರಸ್ತೆಗೆ ಅಂಟಿಕೊಂಡೇ ಇದೆ. ಜಾಮನಗರದಲ್ಲಿ 1864ರಲ್ಲಿ ರಸಶಾಲೆ ತೆರೆದ ವೈದ್ಯ ಝಂಡು ಭಟ್ಟರ ಮೊಮ್ಮಗ ಜುಗತರಾಮ ವೈದ್ಯರು 1910ರಲ್ಲಿ ರಾಜಕೋಟೆಯಲ್ಲಿ ಶುರುಮಾಡಿದ ಕಾರ್ಖಾನೆ 1919ರಲ್ಲಿ ಮುಂಬಯಿಗೆ ಬಂತು. ಅಜ್ಜನ ವಿದ್ಯೆ ಮೊಮ್ಮಗನ ಕಾಲಕ್ಕೆ ಕಂಪನಿಯಾಯಿತು. ಬರೆಯಲು ಓದಲು ಬಲ್ಲ ವೈದ್ಯರ ಮನೆತನಗಳಿಗೆ ಈ ದಾರಿ ಇತ್ತು. ಶಾಸ್ತ್ರಗ್ರಂಥವಿದ್ದವನ ಮದ್ದು ಅವನ ಹೆಸರಿನಲ್ಲೇ ಉಳಿಯಿತು. ಬಾಯಿಂದ ಬಾಯಿಗೆ ಬಂದ ಮದ್ದಿಗೆ ಆ ಭಾಗ್ಯವಿರಲಿಲ್ಲ.

ಮರುದಿನ ಪರೇಲಿಗೆ. ದಾದರ್ ಟಿ.ಟಿ.ಯಿಂದ ಅಂಬೇಡ್ಕರ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ, ಹಿಂದ್‌ಮಾತಾ ದಾಟಿದ ಮೇಲೆ ಕೆ.ಇ.ಎಂ. ಆಸ್ಪತ್ರೆ. ಅಧ್ಯಾಪಕರೆಲ್ಲ ಭಾರತೀಯರೇ ಆಗಿರಬೇಕೆಂಬ ಹಠದಿಂದ 1926ರಲ್ಲಿ ತೆರೆದ ಸಂಸ್ಥೆ ಅದು. ಹಳೆಯ ಕಲ್ಲಿನ ಕಟ್ಟಡ, ಕಾರಿಡಾರಿನ ತುಂಬ ಊರೂರಿನಿಂದ ಬಂದ ರೋಗಿಗಳು, ಚಾಪೆ ಹಾಸಿ ಕೂತ ಅವರ ಕಡೆಯವರು. ಇಲ್ಲಿನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ಸರ್ಪಗಂಧದ ಬೇರನ್ನು ರಕ್ತದೊತ್ತಡದ 50 ರೋಗಿಗಳಿಗೆ ಕೊಟ್ಟು ನೋಡಿದ ವರದಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂತು. ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದೇ ಬೇರಿನಿಂದ ರಿಸರ್ಪಿನ್ ತೆಗೆದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ಅದಕ್ಕೂ ಮೊದಲೇ ಬಿಹಾರದ ಹಳ್ಳಿಗಳಲ್ಲಿ ಆ ಬೇರಿಗೆ ಹುಚ್ಚಿನ ಮದ್ದೆಂಬ ಹೆಸರಿತ್ತು. ನಿದ್ದೆ ಬಾರದವರಿಗೆ, ಕೂಗಾಡುವವರಿಗೆ ಅರೆದು ಕೊಡುತ್ತಿದ್ದರು. ವಕೀಲರ ಹೆಸರು ಉಳಿದದ್ದು ನ್ಯಾಯವೇ. 50 ರೋಗಿಗಳನ್ನು ತಾಳ್ಮೆಯಿಂದ ಅಳೆದು, ಬರೆದು, ಪ್ರಕಟಿಸುವುದು ಸಣ್ಣ ಕೆಲಸವಲ್ಲ. ಬೇರು ಬಲ್ಲವರ ಹೆಸರು ಉಳಿಯದ್ದು ಮಾತ್ರ ನ್ಯಾಯವಲ್ಲ. ಬೇರಿಗೂ ಒಳ್ಳೆಯದಾಗಲಿಲ್ಲ. ಕಾಡಿನಲ್ಲಿ ಅದನ್ನು ಎಷ್ಟು ಕಿತ್ತರೆಂದರೆ ಕೊನೆಗೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು.

ಇದೇ ಆಸ್ಪತ್ರೆಯಲ್ಲಿ ಶಾರದಿನಿ ಡಹಾಣೂಕರ್ ಕಟ್ಟಿದ ಆಯುರ್ವೇದ ಸಂಶೋಧನಾ ಕೇಂದ್ರವಿದೆ. ನಮ್ಮ ಹಿತ್ತಲ ಅಮೃತಬಳ್ಳಿಯನ್ನು ಆಧುನಿಕ ಔಷಧಶಾಸ್ತ್ರದ ಒರೆಗೆ ಹಚ್ಚಿದ ಗಂಭೀರ ಕೆಲಸಗಳಲ್ಲಿ ಅಲ್ಲಿನದು ಮುಖ್ಯವಾದದ್ದು.

ತಿಲಕ್ ಸೇತುವೆಯ ಪೂರ್ವಕ್ಕೆ ಹಿಂದೂ ಕಾಲೊನಿ. ಮರಗಳ ನೆರಳಿನ ಗಲ್ಲಿಯೊಂದರಲ್ಲಿ ರಾಜಗೃಹ, ಬಾಬಾಸಾಹೇಬ ಅಂಬೇಡ್ಕರರು 1930ರ ದಶಕದಲ್ಲಿ ತಮ್ಮ ಪುಸ್ತಕಗಳಿಗಾಗಿಯೇ ಎಂಬಂತೆ ಕಟ್ಟಿಸಿದ ಮನೆ. ಕೆಳಗಿನ ಕೋಣೆಗಳಲ್ಲಿ ಅವರ ವಸ್ತುಗಳನ್ನು ನೋಡಲು ಇಟ್ಟಿದ್ದಾರೆ. ಅಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಒಂದು ಮೊತ್ತ: ತಿಂಗಳಿಗೆ ಹನ್ನೊಂದೂವರೆ ಪೌಂಡ್. ಬರೋಡೆಯ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಲು ಕೊಟ್ಟ ವಿದ್ಯಾರ್ಥಿವೇತನ. ಆ ಹಣದ ಬೆಲೆ ಈ ದೇಶಕ್ಕೆ ಎಷ್ಟು ಎಂದು ಯಾರು ಅಳೆಯಬಲ್ಲರು? ಪಡೆದವರು ಅದನ್ನು ಮರೆಯಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, ಮರುವರ್ಷ ಸಿದ್ಧಾರ್ಥ ಕಾಲೇಜು ಕಟ್ಟಿ, ತಮಗೆ ತೆರೆದ ಬಾಗಿಲನ್ನು ಸಾವಿರಾರು ಮಕ್ಕಳಿಗೆ ತೆರೆದರು.

ಅಲ್ಲಿಂದ ರುಯಿಯಾ ಕಾಲೇಜಿನ ಮಗ್ಗುಲಿನಿಂದ ಮಾಟುಂಗಕ್ಕೆ ನಡೆದರೆ, ಇಂದು ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ ಎಂಬ ಹೆಸರಿನ, ಹಳಬರ ಬಾಯಲ್ಲಿ ಈಗಲೂ ಯು.ಡಿ.ಸಿ.ಟಿ. ಆಗಿಯೇ ಉಳಿದ ಸಂಸ್ಥೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಆರಂಭವಾದದ್ದು. ಹನೇಹಳ್ಳಿಯ ಯಶವಂತ ಚಿತ್ತಾಲರು ರಸಾಯನ ತಂತ್ರಜ್ಞಾನ ಕಲಿತದ್ದು ಇಲ್ಲೇ ಎಂದು ನೆನೆದು ಅವರದೇ ಜಿಲ್ಲೆಯವನಾದ ನನಗೆ ಹೆಮ್ಮೆಯಾಯಿತು. ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ಇನ್ನೊಬ್ಬ ವಿದ್ಯಾರ್ಥಿಯ ಕಥೆ.

ರಘುನಾಥ ಮಾಶೇಲ್ಕರ್ 1943ರಲ್ಲಿ ಗೋವೆಯ ಮಾಶೇಲ್‌ನಲ್ಲಿ ಹುಟ್ಟಿದರು. ತಂದೆ ಬೇಗ ತೀರಿಕೊಂಡರು. ತಾಯಿ ಮುಂಬಯಿಯಲ್ಲಿ ಸಿಕ್ಕ ಕೆಲಸ ಮಾಡಿ ಮಗನನ್ನು ಸಾಕಿದರು. ಹುಡುಗ ಓದಿದ್ದು ಮುನಿಸಿಪಾಲಿಟಿ ಶಾಲೆಯಲ್ಲಿ, ಬರಿಗಾಲಿನಲ್ಲಿ, ಬೀದಿದೀಪದ ಬೆಳಕಿನಲ್ಲಿ. ಹೈಸ್ಕೂಲಿಗೆ ಸೇರಲು 21 ರೂಪಾಯಿ ಹೊಂದಿಸಲು ತಾಯಿ ಪಟ್ಟ ಪಾಡನ್ನು ಅವರೇ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಮೆಟ್ರಿಕ್ ನಂತರ ಓದು ನಿಲ್ಲುವುದಿತ್ತು. ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ತಿಂಗಳಿಗೆ 60 ರೂಪಾಯಿ ಅದನ್ನು ಉಳಿಸಿತು. ಯು.ಡಿ.ಸಿ.ಟಿ.ಯಲ್ಲಿ ಎಂಜಿನಿಯರಿಂಗ್ ಪದವಿ, ಅಲ್ಲೇ ಪಿಎಚ್.ಡಿ.

ಆ ಹುಡುಗ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾಗಿದ್ದಾಗ ಅರಿಸಿನದ ಪ್ರಕರಣ ಬಂತು. ಗಾಯ ಮಾಯಿಸಲು ಅರಿಸಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಹೆಸರಿನಲ್ಲಿತ್ತು. ನಮ್ಮ ಅಜ್ಜಿಯಂದಿರು ಮೊಣಕಾಲು ತರಚಿದ ಮಕ್ಕಳಿಗೆ ಹಚ್ಚಿದ್ದೇ ಅದು. ಆದರೆ ಅಜ್ಜಿ ಹಚ್ಚುತ್ತಿದ್ದಳು ಎಂಬ ಮಾತು ಪೇಟೆಂಟ್ ಕಚೇರಿಯಲ್ಲಿ ಸಾಕ್ಷಿಯಾಗದು, ಅಚ್ಚಾದ ಕಾಗದ ಬೇಕು. ಹಳೆಯ ಸಂಸ್ಕೃತ ಗ್ರಂಥಗಳಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನದವರೆಗೆ 32 ಆಧಾರಗಳನ್ನು ಮಂಡಳಿಯವರು ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಈ ಎರಡು ಕಥೆಗಳನ್ನು ನಾವು ಬೇರೆಬೇರೆಯಾಗಿ ಹೇಳುತ್ತೇವೆ. ಬಡ ಹುಡುಗನ ಓದಿನ ಕಥೆ ಶಾಲಾ ವಾರ್ಷಿಕೋತ್ಸವಕ್ಕೆ, ಅರಿಸಿನದ ಕಥೆ ವಿಚಾರಸಂಕಿರಣಕ್ಕೆ. ಅವು ಒಂದೇ ಕಥೆ. ಅರಿಸಿನ ಉಳಿದದ್ದು 60 ರೂಪಾಯಿಯಿಂದ. ಗೆದ್ದದ್ದು ಅಚ್ಚಾಗಿದ್ದ ಜ್ಞಾನ, ಗೆಲ್ಲಿಸಿದ್ದು ಓದಲು ಸಾಧ್ಯವಾದ ಒಬ್ಬ ಮನುಷ್ಯ. ಅಚ್ಚಾಗದ ಜ್ಞಾನಕ್ಕೆ ಯಾರು ನಿಲ್ಲಬೇಕು? ಅದನ್ನು ಬಲ್ಲ ಮನೆಯಿಂದಲೇ ಯಾರಾದರೂ ಪೇಟೆಂಟ್ ಕಚೇರಿಯ ಮೇಜಿನವರೆಗೆ ಬರಬೇಕು.

ಬರುತ್ತಿಲ್ಲ. ಮಾಟುಂಗದಿಂದ ವಾಪಸಾದ ಮೇಲೆ ಬೊರಿವಲಿಯ ಗೆಳೆಯನನ್ನು ನೋಡಲು ಲೋಕಲ್ ಹತ್ತಿದ್ದೆ. ಗೋರೆಗಾಂವ್ ಬಂದಾಗ ನರ್ಕ್ಯಾ ನೆನಪಾಯಿತು. ನಮ್ಮ ಘಟ್ಟದಲ್ಲೂ ಬೆಳೆಯುವ, ಹೂಬಿಟ್ಟಾಗ ಕೆಟ್ಟ ವಾಸನೆ ಬೀರುವ ಸಣ್ಣ ಮರ. ಕ್ಯಾನ್ಸರ್ ತಡೆಯುವ ಕ್ಯಾಂಪ್ಟೊತೆಸಿನ್ ಎಂಬ ವಸ್ತುವನ್ನು ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರವೊಂದರಲ್ಲಿ ಕಂಡುಹಿಡಿದಿದ್ದರು. ಅದು ನರ್ಕ್ಯಾದಲ್ಲೂ ಇದೆಯೆಂದು 1972ರಲ್ಲಿ ತೋರಿಸಿದವರು ಗೋರೆಗಾಂವಿನ ಸೀಬಾ ಸಂಶೋಧನಾ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್. ಅದರಿಂದ ರೂಪಿಸಿದ ಔಷಧಗಳು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಸಹ್ಯಾದ್ರಿಯಲ್ಲಿ ನರ್ಕ್ಯಾವನ್ನು ಬುಡಸಮೇತ ಕಡಿದು ಸಾಗಿಸಿದರು. ಕಡಿದ ಕೂಲಿ ಕಾಡಂಚಿನವರಿಗೆ, ಕೇಸು ಬಿದ್ದರೆ ಅದೂ ಅವರಿಗೇ. ಅಳಿದುಳಿದ ಮರಗಳ ಲೆಕ್ಕವನ್ನು ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ್ ಮತ್ತು ಸಂಗಡಿಗರು ಶ್ರಮಪಟ್ಟು ಮಾಡಿದರು.

ನಾನು ಕಂಡದ್ದೊಂದನ್ನು ಇಲ್ಲಿ ಹೇಳಬೇಕು. ಒಂದು ವಿಶ್ವವಿದ್ಯಾಲಯದ ಔಷಧಿ ಸಸ್ಯಗಳ ಸಮ್ಮೇಳನ. ವೇದಿಕೆಯ ಮೇಲೆ ಹೊರದೇಶದ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದದ ಸಹಿ, ಕ್ಯಾಮರಾಗಳು. ನಡುವೆ ನಾಟಿವೈದ್ಯರೊಬ್ಬರಿಗೆ ಶಾಲು, ಹಣ್ಣಿನ ಬುಟ್ಟಿ. ಯೋಜನೆಯ ಗಿಡಗಳಲ್ಲಿ ಅರ್ಧಕ್ಕರ್ಧ ಅವರು ತೋರಿಸಿದ್ದು. ಬುಟ್ಟಿ ಹಿಡಿದುಕೊಳ್ಳಲು ಬಂದಿದ್ದ ಮಗ ಪಿಯುಸಿ ಮೊದಲ ವರ್ಷಕ್ಕೇ ಬಿಟ್ಟವನು, ಊರಿನಲ್ಲಿ ಟೆಂಪೊ ಓಡಿಸುತ್ತಿದ್ದ. ಆ ಒಪ್ಪಂದದಲ್ಲಿ ಅಧ್ಯಾಪಕರ ವಿನಿಮಯಕ್ಕೆ, ವಿದ್ಯಾರ್ಥಿಗಳ ವಿನಿಮಯಕ್ಕೆ, ಯಂತ್ರಗಳ ಖರೀದಿಗೆ ಕಲಮುಗಳಿದ್ದವು. ಆ ಹುಡುಗನಿಗೆ ಒಂದು ಸಾಲೂ ಇರಲಿಲ್ಲ. ಇನ್ನೊಂದು ಉದಾಹರಣೆ: ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತದೆಯೇ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಲೆಕ್ಕವಿಲ್ಲದಷ್ಟು ಸಸಿ ಬೆಳೆಸಿ, ಪದ್ಮಶ್ರೀ ಪಡೆದು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಕಾಡಿನ ವಿಶ್ವಕೋಶ ಎಂದು ಹೊಗಳಿದೆವು. ಓದಲು ಬಿಟ್ಟಿದ್ದರೆ ಆ ವಿಶ್ವಕೋಶವನ್ನು ಅವರೇ ಬರೆಯುತ್ತಿದ್ದರೇನೋ ಎಂದು ನಾವು ಕೇಳಿಕೊಳ್ಳಲಿಲ್ಲ.

ಬೇರೆ ರೀತಿ ಆಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಸೋಲಿಗರ ಮಕ್ಕಳಿಗೆ ಶಾಲೆ ತೆರೆದರು. ಸಂಶೋಧಕರು ಬಂದದ್ದು ಆಮೇಲೆ. 1990ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕಮಲ್‌ಜಿತ್ ಬಾವಾ, ಅವರು ಬೆಂಗಳೂರಿನಲ್ಲಿ ಕಟ್ಟಿದ ಏಟ್ರೀ ಸಂಸ್ಥೆ, ಗಿರಿಜನ ಕೇಂದ್ರ ಎಲ್ಲ ಸೇರಿ ನೆಲ್ಲಿಕಾಯಿ, ಜೇನು ಮೊದಲಾದ ಕಿರು ಉತ್ಪನ್ನಗಳನ್ನು ಎಷ್ಟು ಕೊಯ್ದರೆ ಕಾಡು ಉಳಿಯುತ್ತದೆ ಎಂದು ಅಧ್ಯಯನ ಮಾಡಿದರು. ಅಳೆಯುವ ಕೆಲಸದಲ್ಲಿ ಸೋಲಿಗರೂ ಇದ್ದರು.

ಅಲ್ಲಿ ಒಂದು ಮಾತು ಬಂತು. ನೆಲ್ಲಿ ಮರಗಳು ಬಂದಳಿಕೆ ಹತ್ತಿ ಸಾಯುತ್ತಿದ್ದವು. ಸೋಲಿಗರು ಹೇಳಿದರು: ಹಿಂದೆ ನಾವು ಬೇಸಿಗೆಯ ಆರಂಭದಲ್ಲೇ ಒಣಗಿದೆಲೆಗೆ ತರಗು ಬೆಂಕಿ ಹಾಕುತ್ತಿದ್ದೆವು. ಸಣ್ಣ ಬೆಂಕಿ, ಬಂದಳಿಕೆಯನ್ನೂ ಲಂಟಾನವನ್ನೂ ಹದ್ದುಬಸ್ತಿನಲ್ಲಿ ಇಡುತ್ತಿತ್ತು. 1974ರಲ್ಲಿ ವನ್ಯಧಾಮ ಮಾಡಿ ಬೆಂಕಿ ನಿಲ್ಲಿಸಿದಿರಿ, ಬಂದಳಿಕೆ ಏರಿತು. ಮೊದಲು ಯಾರೂ ಕಿವಿಗೊಡಲಿಲ್ಲ. ಆಮೇಲೆ ಸಂಶೋಧಕರು ಅದನ್ನು ಒರೆಗೆ ಹಚ್ಚಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದರು. ಈ ಚರ್ಚೆಯಲ್ಲಿ ಸೋಲಿಗರ ಪರ ಮಾತಾಡಿದವರಲ್ಲಿ ಸೋಲಿಗರೇ ಆದ ಸಿ. ಮಾದೇಗೌಡ ಇದ್ದರು. ಅವರು ಡಾಕ್ಟರೇಟ್ ಪಡೆದು ಏಟ್ರೀಯಲ್ಲಿ ಸಂಶೋಧಕರಾದವರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದ ದೇಶದ ಮೊದಲಿಗರು ಸೋಲಿಗರಾದರು. ಆ ಹೋರಾಟದಲ್ಲಿ ನಕ್ಷೆ ಓದಬಲ್ಲ, ಕಾನೂನು ಓದಬಲ್ಲ ಸೋಲಿಗ ಯುವಕರಿದ್ದರು. ಅವರನ್ನು ಸಿದ್ಧಗೊಳಿಸಿದ್ದು ಬೆಟ್ಟದ ಶಾಲೆ ಎಂದು ನಾನು ನಂಬುತ್ತೇನೆ. ಶಾಲೆ ಮೊದಲು, ಸಂಶೋಧನೆ ಆಮೇಲೆ ಎಂಬ ಈ ಅನುಕ್ರಮವೇ ಮುಖ್ಯ.

ಕೇರಳದ ಕಾಣಿ ಬುಡಕಟ್ಟಿನ ಉದಾಹರಣೆ ಎಲ್ಲರಿಗೂ ಗೊತ್ತು. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ದಾರಿತೋರಲು ಬಂದವರು ಸಣ್ಣ ಹಣ್ಣೊಂದನ್ನು ತಿನ್ನುತ್ತ ದಣಿಯದೆ ಏರುವುದನ್ನು ಕಂಡು ವಿಜ್ಞಾನಿಗಳು ಕೇಳಿದರು. ಆ ಹಣ್ಣಿನ ಗಿಡವಾದ ಆರೋಗ್ಯಪಚ್ಚೆಯಿಂದ ಜೀವನಿ ಎಂಬ ಔಷಧಿ ಬಂತು. ಪರವಾನಗಿಯ 10 ಲಕ್ಷ ರೂಪಾಯಿಯಲ್ಲೂ ಶೇ. 2ರ ರಾಯಧನದಲ್ಲೂ ಅರ್ಧ ಕಾಣಿಗಳಿಗೆ ಎಂದಾಯಿತು. ಅದು ಒಳ್ಳೆಯ ಕೆಲಸವೇ. ಆದರೆ ಹಣ ಖರ್ಚಾಗುತ್ತದೆ, ಓದು ಖರ್ಚಾಗುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಲಾಭ ಹಂಚಿಕೆಯ ಮಾತು ಆಡುತ್ತದೆ. 2023ರ ತಿದ್ದುಪಡಿ ಗ್ರಂಥಸ್ಥ ಜ್ಞಾನವನ್ನು ಬಳಸುವವರಿಗೆ ಆ ಹಂಚಿಕೆಯಿಂದ ವಿನಾಯಿತಿ ಕೊಟ್ಟಿದೆ. ಇದು ತಪ್ಪು ಹೆಜ್ಜೆ ಎಂದು ನನ್ನ ಅಭಿಪ್ರಾಯ. ಗ್ರಂಥದಲ್ಲಿರುವ ಎಷ್ಟೋ ಗಿಡಗಳನ್ನು ಇಂದಿಗೂ ಕಾಡಿನಲ್ಲಿ ಗುರುತಿಸಿ ಕೊಡುವವರು ಗ್ರಂಥ ಓದದವರೇ.

ನಮ್ಮ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಯೋಜನೆ ಬರೆಯುವ ಗೆಳೆಯರಿಗೆ ನನ್ನ ಬೇಡಿಕೆ ಒಂದೇ. ಗಿಡಮೂಲಿಕೆಯ ಯಾವ ಒಪ್ಪಂದಕ್ಕೆ ಸಹಿ ಹಾಕುವುದಿದ್ದರೂ, ಗಿಡ ತೋರಿಸಿದ ಊರಿನ ಮಕ್ಕಳಿಗೆ ಹತ್ತನೆಯ ತರಗತಿಯಿಂದ ಎಂ.ಎಸ್‌ಸಿ.ವರೆಗೆ ಹಾಸ್ಟೆಲು, ಶುಲ್ಕ, ಪಾಠದ ನೆರವು ಕೊಡುವ ಕಲಮನ್ನು ಅದರಲ್ಲಿ ಸೇರಿಸಿ. ಯಂತ್ರಕ್ಕೆ ಇಟ್ಟ ಹಣದ ಸಣ್ಣ ಪಾಲು ಸಾಕು.

ಓದುಗರಿಗೂ ಒಂದು ಮಾತು. ಕಾನೂನಿನ ಪ್ರಕಾರ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಒಂದು ದಿನ ಹೋಗಿ ಆ ದಾಖಲಾತಿ ತೋರಿಸಿ ಎಂದು ಕೇಳಿ. ಮದ್ದಿನ ಗಿಡಗಳ ಮುಂದೆ ಯಾರ ಹೆಸರು ಬರೆದಿದ್ದಾರೆ ನೋಡಿ. ಆ ಮನೆಗಳ ಮಕ್ಕಳು ಈ ವರ್ಷ ಯಾವ ತರಗತಿಯಲ್ಲಿದ್ದಾರೆ ಎಂದು ವಿಚಾರಿಸಿ. ಶಾಲೆ ಬಿಟ್ಟವರಿದ್ದರೆ ಮುಖ್ಯೋಪಾಧ್ಯಾಯರ ಹತ್ತಿರ ಜೊತೆಯಲ್ಲಿ ಹೋಗಿ.